ಸೊಟ್ಟಗಾದ ಮುಖಕ್ಕೆ ಮೂರು ದಿನಗಳ ಗಡುವು

ಅಗರದ ಕಡೆಯ ರೈತರೊಬ್ಬರು ಒಂದು ಮುಂಜಾನೆ ಎದ್ದು ಬಾಯಿ ಮುಕ್ಕಳಿಸಿದಾಗ ನೀರು ತುಟಿಯ ಬಲಮೂಲೆಯಿಂದ ತಾನೇ ಸೋರಿತು. ಸ್ನಾನ ಮುಗಿಸಿ ಕನ್ನಡಿಯ ಮುಂದೆ ನಿಂತು ಹಣೆಗೆ ವಿಭೂತಿ ಧರಿಸಹೋದರೆ ಹಣೆಯ ಎಡಭಾಗದಲ್ಲಿ ಮಾತ್ರ ಗೆರೆ ಮೂಡುತ್ತಿತ್ತು. ಬಲಭಾಗ ನುಣುಪಾಗಿ ನಿಂತಿತ್ತು. ಬಲಗಣ್ಣು ಮುಚ್ಚಲೊಲ್ಲದು. ಮನೆಯವರು ಗಾಬರಿಗೊಂಡರು. ನೆರೆಯವರು ಬಂದು ನೋಡಿ, ಹಿಂದಿನ ರಾತ್ರಿ ಗದ್ದೆಗೆ ನೀರು ಹಾಯಿಸಲು ಹೋದಾಗ ತಣ್ಣನೆಯ ಗಾಳಿ ಹೊಡೆದಿದೆ ಎಂದು ತೀರ್ಮಾನ ಹೇಳಿದರು. ಅಂದಿನಿಂದ ಹದಿನೆಂಟು ದಿನ ಅವರು ಮೂರು ಊರುಗಳ ನಾಟಿ ಔಷಧ ಸೇವಿಸಿದರು; ಕಣ್ಣಿಗೆ ಸೊಪ್ಪಿನ ರಸ ಬಿಡಿಸಿಕೊಂಡರು; ಉಪ್ಪು, ಹುಳಿ ಬಿಟ್ಟು ಪಥ್ಯ ಮಾಡಿದರು. ಹತ್ತೊಂಬತ್ತನೆಯ ದಿನ ನನ್ನ ಬಳಿಗೆ ಬಂದರು. ಬಂದದ್ದು ಮುಖಕ್ಕಾಗಿ ಅಲ್ಲ, ಕೆಂಪಾಗಿ ನೋಯುತ್ತಿದ್ದ ಕಣ್ಣಿಗಾಗಿ.

ತಿಂಗಳುಗಳು ಕಳೆದ ಮೇಲೆ ಅವರ ಮುಖ ಬಹುಮಟ್ಟಿಗೆ ಸರಿಹೋಯಿತು. ಕಣ್ಣಿನ ಪಾರದರ್ಶಕ ಪಟಲದ ಮೇಲೆ ಮೂಡಿದ ಬಿಳಿ ಕಲೆ ಮಾತ್ರ ಉಳಿದುಹೋಯಿತು. ಈ ಭಾಗದಲ್ಲಿ ಬಹುಕಾಲ ವೈದ್ಯವೃತ್ತಿ ನಡೆಸಿದ ನನಗೆ ಇಂಥವರನ್ನು ಕಂಡಾಗಲೆಲ್ಲ ಒಂದೇ ವ್ಯಥೆ. ಈ ರೋಗಕ್ಕೆ ಔಷಧವಿದೆ, ಅದು ಅಗ್ಗವಾಗಿದೆ, ತಾಲ್ಲೂಕು ಆಸ್ಪತ್ರೆಯಲ್ಲಿಯೂ ದೊರೆಯುವಂಥದು. ಆದರೆ ಅದಕ್ಕೊಂದು ಗಡುವಿದೆ. ಆ ಗಡುವನ್ನು ನಮ್ಮ ಜನ ತಿಳಿಯದೆಯೇ ಕಳೆದುಕೊಳ್ಳುತ್ತಾರೆ. ಈ ಲೇಖನ ಬರೆಯಲು ಅದೇ ಕಾರಣ.

ಮೊದಲು ಆ ನರದ ಪರಿಚಯ ಮಾಡಿಕೊಳ್ಳೋಣ. ಮಿದುಳಿನಿಂದ ಹೊರಡುವ ಹನ್ನೆರಡು ಜೊತೆ ಕಪಾಲನರಗಳಲ್ಲಿ ಏಳನೆಯದು ಮುಖದ ನರ. ನಗುವುದು, ಕಣ್ಣು ಮುಚ್ಚುವುದು, ಹುಬ್ಬೇರಿಸುವುದು, ತುಟಿ ಕೂಡಿಸುವುದು ಎಲ್ಲವೂ ಇದರ ಕಾಯಕ. ನಾಲಗೆಯ ಮುಂಭಾಗದ ರುಚಿಯನ್ನೂ ಕಣ್ಣೀರನ್ನೂ ಇದೇ ನೋಡಿಕೊಳ್ಳುತ್ತದೆ. ಮುಖವನ್ನು ತಲುಪುವ ಮುನ್ನ ಈ ನರ ಕಿವಿಯ ಹಿಂದಿನ ಎಲುಬಿನೊಳಗೆ ಬಹಳ ಇಕ್ಕಟ್ಟಾದ, ವಕ್ರವಾದ ಒಂದು ಕೊಳವೆಯ ಮೂಲಕ ಹಾದುಬರಬೇಕು. ನರ ಊದಿಕೊಂಡರೆ ಆ ಎಲುಬಿನ ಕೊಳವೆ ಹಿಗ್ಗಿ ಜಾಗ ಕೊಡುವುದಿಲ್ಲ. ಊತ ಹೆಚ್ಚಿದಂತೆ ನರ ತನ್ನ ಗೂಡಿನಲ್ಲಿಯೇ ಹಿಸುಕಲ್ಪಡುತ್ತದೆ, ರಕ್ತಸಂಚಾರ ಕುಗ್ಗುತ್ತದೆ, ಎಳೆಗಳು ಸಾಯತೊಡಗುತ್ತವೆ. ಹೀಗೆ ಹಠಾತ್ತನೆ, ಬೇರೆ ಕಾರಣ ಕಾಣದೆ ಮುಖದ ಒಂದು ಪಾರ್ಶ್ವ ಸೋಲುವ ರೋಗವನ್ನು ಬೆಲ್ಸ್ ಪಾಲ್ಸಿ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ನರವನ್ನು ಕುರಿತು ಬರೆದ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಚಾರ್ಲ್ಸ್ ಬೆಲ್‌ನಿಂದ ಬಂದ ಹೆಸರು ಅದು. ನಮ್ಮ ಆಯುರ್ವೇದ ಗ್ರಂಥಗಳು ಮುಖ ವಕ್ರವಾಗುವ ವಿಕಾರವನ್ನು ಅರ್ದಿತವೆಂದು ಕರೆದಿವೆ. ನರದೊಳಗೆ ಸುಪ್ತವಾಗಿದ್ದ ಹರ್ಪಿಸ್ ಜಾತಿಯ ವೈರಾಣು ಮತ್ತೆ ಎಚ್ಚೆತ್ತು ಊತಕ್ಕೆ ಕಾರಣವಾಗುತ್ತದೆ ಎಂಬುದು ಇಂದಿನ ತಜ್ಞರಲ್ಲಿ ಬಲವಾಗಿರುವ ಅಭಿಪ್ರಾಯ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 20ರಿಂದ 30 ಮಂದಿಗೆ ಇದು ಬರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿಯೂ ತುಂಬು ಗರ್ಭಿಣಿಯರಲ್ಲಿಯೂ ಸ್ವಲ್ಪ ಹೆಚ್ಚು.

ಇಲ್ಲಿ ಮುಖ್ಯವಾದ ಮಾತೊಂದಿದೆ. ಈ ರೋಗ ಬಂದವರಲ್ಲಿ ಬಹುಪಾಲು ಜನ ಯಾವ ಔಷಧವೂ ಇಲ್ಲದೆ ತಾವಾಗಿಯೇ ಗುಣವಾಗುತ್ತಾರೆ. ಡೆನ್ಮಾರ್ಕಿನ ಪೀಟರ್ಸನ್ ಎಂಬ ವೈದ್ಯರು ಚಿಕಿತ್ಸೆಯಿಲ್ಲದ 1,701 ರೋಗಿಗಳನ್ನು ಗಮನಿಸಿ 2002ರಲ್ಲಿ ಪ್ರಕಟಿಸಿದ ವರದಿಯಂತೆ, ನೂರಕ್ಕೆ 71 ಮಂದಿಯ ಮುಖ ಸಂಪೂರ್ಣವಾಗಿ ಮೊದಲಿನಂತಾಯಿತು. ಬಹುತೇಕರಲ್ಲಿ ಮೂರು ವಾರಗಳೊಳಗೆ ಚೇತರಿಕೆಯ ಲಕ್ಷಣ ಕಂಡಿತು.

ಈ ಒಂದು ಸಂಗತಿಯನ್ನು ಅರಿತರೆ ನಮ್ಮೂರುಗಳಲ್ಲಿ ಲಕ್ವ ಔಷಧಿಯ ಖ್ಯಾತಿ ಹೇಗೆ ಬೆಳೆಯಿತೆಂಬುದು ತಿಳಿಯುತ್ತದೆ. ಹತ್ತರಲ್ಲಿ ಏಳು ಮಂದಿ ತಾವೇ ಗುಣವಾಗುವ ರೋಗಕ್ಕೆ ಬರಿಯ ನೀರನ್ನು ಕೊಟ್ಟರೂ ನೀರಿಗೆ ಕೀರ್ತಿ ಬರುತ್ತದೆ. ಗುಣವಾದ ಏಳು ಮಂದಿ ಊರೂರಿಗೆ ಹೋಗಿ ಹೇಳುತ್ತಾರೆ. ಗುಣವಾಗದ ಮೂವರು ಮುಖ ಮರೆಸಿಕೊಂಡು ಮನೆಯಲ್ಲಿ ಕೂರುತ್ತಾರೆ. ಇದರಲ್ಲಿ ನಾಟಿ ವೈದ್ಯರ ವಂಚನೆ ಇದೆಯೆಂದು ನಾನು ಹೇಳುತ್ತಿಲ್ಲ. ಹಲವರು ಹಣವನ್ನೂ ಮುಟ್ಟದೆ, ಹಿರಿಯರಿಂದ ಬಂದ ಸೇವೆಯೆಂದು ಮಾಡುವವರು. ತಾವು ಕೊಟ್ಟದ್ದರಿಂದಲೇ ಗುಣವಾಯಿತೆಂದು ಅವರೂ ಪ್ರಾಮಾಣಿಕವಾಗಿ ನಂಬಿದ್ದಾರೆ. ಇಂಗ್ಲಿಷ್ ಔಷಧ ಕೊಡುವ ನಾವೂ ಈ ಭ್ರಮೆಗೆ ಹೊರತಲ್ಲ. ನಾವು ಬರೆದುಕೊಡುವ ಶಕ್ತಿಯ ಚುಚ್ಚುಮದ್ದುಗಳಿಗೂ ಇದೇ ರೀತಿಯ ಪುಕ್ಕಟೆ ಕೀರ್ತಿ ದೊರೆತಿದೆ. ಆದುದರಿಂದ ಔಷಧವೊಂದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಒಂದೇ ಮಾರ್ಗ: ಔಷಧ ಪಡೆದವರನ್ನೂ ಪಡೆಯದವರನ್ನೂ ಒಟ್ಟಿಗೆ ಇಟ್ಟು ತೂಗಿ ನೋಡುವುದು.

ಹಾಗೆ ತೂಗಿ ನೋಡಿದ ಪರೀಕ್ಷೆ ಸ್ಕಾಟ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾಯಿತು. ರೋಗ ಬಂದು 72 ಗಂಟೆಗಳೊಳಗೆ ಆಸ್ಪತ್ರೆಗೆ ಬಂದ 551 ಮಂದಿಯನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿದರು. ಕೆಲವರಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು 25 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ ಹತ್ತು ದಿನ ಕೊಟ್ಟರು, ಕೆಲವರಿಗೆ ವೈರಾಣುನಾಶಕವಾದ ಏಸೈಕ್ಲೋವಿರ್, ಕೆಲವರಿಗೆ ಎರಡೂ, ಉಳಿದವರಿಗೆ ಔಷಧದಂತೆ ಕಾಣುವ ಬರಿಯ ಗುಳಿಗೆ. ಯಾರಿಗೆ ಯಾವುದು ದೊರೆಯಿತೆಂದು ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ಮೂರು ತಿಂಗಳ ಕೊನೆಯಲ್ಲಿ ಪ್ರೆಡ್ನಿಸೊಲೋನ್ ಪಡೆದವರಲ್ಲಿ ನೂರಕ್ಕೆ 83 ಮಂದಿ ಪೂರ್ಣ ಗುಣವಾಗಿದ್ದರು. ಪಡೆಯದವರಲ್ಲಿ ಸುಮಾರು 64 ಮಂದಿ. ಒಂಬತ್ತು ತಿಂಗಳಿಗೆ ಈ ಸಂಖ್ಯೆಗಳು 94 ಮತ್ತು 82. ಏಸೈಕ್ಲೋವಿರ್‌ನಿಂದ ಮಾತ್ರ ಯಾವ ಲಾಭವೂ ಕಾಣಲಿಲ್ಲ. ಮರುವರ್ಷ ಸ್ವೀಡನ್ ಮತ್ತು ಫಿನ್ಲೆಂಡ್ ದೇಶಗಳಲ್ಲಿ ಎಂಟುನೂರಕ್ಕೂ ಹೆಚ್ಚು ರೋಗಿಗಳಲ್ಲಿ ನಡೆದ ಪರೀಕ್ಷೆಯೂ ಇದೇ ತೀರ್ಪನ್ನು ನೀಡಿತು.

ಪ್ರೆಡ್ನಿಸೊಲೋನ್ ಮಾಡುವ ಕೆಲಸ ಸರಳವಾದುದು. ಅದು ಊತವನ್ನು ಇಳಿಸುತ್ತದೆ. ಎಲುಬಿನ ಕೊಳವೆಯೊಳಗೆ ಹಿಸುಕಲ್ಪಡುತ್ತಿರುವ ಎಳೆಗಳು ಇನ್ನೂ ಜೀವಂತವಾಗಿರುವಾಗ ಒತ್ತಡ ಇಳಿದರೆ ಅವು ಉಳಿಯುತ್ತವೆ. ಸತ್ತ ಎಳೆಗಳನ್ನು ಈ ಮಾತ್ರೆ ಬದುಕಿಸಲಾರದು. ಮೂರು ದಿನಗಳ ಗಡುವಿನ ಮರ್ಮ ಇಷ್ಟೇ. ಕೆರೆಯ ಏರಿ ಬಿರುಕು ಬಿಟ್ಟಾಗ ಮಣ್ಣು ಹಾಕಿದರೆ ನೀರು ನಿಂತೀತು. ಏರಿ ಒಡೆದು ಗದ್ದೆ ಕೊಚ್ಚಿಹೋದ ಮೇಲೆ ಎಷ್ಟು ಮಣ್ಣು ಹೊತ್ತರೇನು?

ಸ್ಟೀರಾಯ್ಡ್ ಎಂಬ ಹೆಸರು ಕೇಳಿದೊಡನೆ ಹಲವರು ಹೆದರುತ್ತಾರೆ. ಭಯ ಸಂಪೂರ್ಣ ನಿರಾಧಾರವಲ್ಲ. ತಿಂಗಳುಗಟ್ಟಲೆ ನುಂಗಿದರೆ ಎಲುಬು ಸವೆಯುತ್ತದೆ, ಮುಖ ಊದುತ್ತದೆ, ಸೋಂಕುಗಳಿಗೆ ಬಾಗಿಲು ತೆರೆಯುತ್ತದೆ. ಹತ್ತು ದಿನಗಳ ಚಿಕಿತ್ಸೆಯಲ್ಲಿ ಇವುಗಳ ಅಪಾಯ ಅತ್ಯಲ್ಪ. ಆದರೆ ಸಕ್ಕರೆ ಕಾಯಿಲೆ ಇದ್ದವರಲ್ಲಿ ಆ ಹತ್ತು ದಿನವೂ ರಕ್ತದ ಸಕ್ಕರೆ ಏರುತ್ತದೆ. ಅವರು ಮಾತ್ರೆಯನ್ನು ತಿರಸ್ಕರಿಸಬೇಕಾಗಿಲ್ಲ. ಸಕ್ಕರೆಯನ್ನು ಪರೀಕ್ಷಿಸುತ್ತ, ಅಗತ್ಯವಾದರೆ ಆ ಔಷಧದ ಪ್ರಮಾಣ ಹೆಚ್ಚಿಸಿಕೊಂಡು, ವೈದ್ಯರ ಕಣ್ಣಳತೆಯಲ್ಲಿ ತೆಗೆದುಕೊಳ್ಳಬೇಕು. ಕ್ಷಯ, ಹೊಟ್ಟೆಯ ಹುಣ್ಣು, ಅಧಿಕ ರಕ್ತದೊತ್ತಡ ಇರುವವರೂ ಗರ್ಭಿಣಿಯರೂ ಅದನ್ನು ಮೊದಲೇ ಹೇಳಬೇಕು. ಮೇಲೆ ಬರೆದ ಪ್ರಮಾಣವನ್ನು ನೋಡಿ ಯಾರೂ ಔಷಧಿ ಅಂಗಡಿಗೆ ಹೋಗಿ ತಾವೇ ಕೊಳ್ಳಬಾರದು. ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ 187 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಪ್ರೆಡ್ನಿಸೊಲೋನ್‌ನಿಂದ ಒಂದು ತಿಂಗಳಿಗೆ ಸ್ಪಷ್ಟ ಲಾಭ ಕಂಡುಬರಲಿಲ್ಲ. ಔಷಧವಿಲ್ಲದಿದ್ದರೂ ಆರು ತಿಂಗಳೊಳಗೆ ಬಹುತೇಕ ಮಕ್ಕಳು ಗುಣವಾದರು.

ಕಿವಿಯಲ್ಲಿ ಅಥವಾ ಅದರ ಸುತ್ತ ಉರಿಯುವ ನೀರುಗುಳ್ಳೆಗಳೆದ್ದು, ಜೊತೆಗೆ ಮುಖ ಸೊಟ್ಟಗಾದರೆ ಅದು ಬೇರೆಯೇ ರೋಗ. ಸರ್ಪಸುತ್ತಿನ ವೈರಾಣು ಮುಖದ ನರಕ್ಕೆ ಹತ್ತಿದೆಯೆಂದು ಅರ್ಥ. 1907ರಲ್ಲಿ ಇದನ್ನು ವಿವರಿಸಿದ ರ‍್ಯಾಮ್ಸೆ ಹಂಟ್ ಎಂಬ ವೈದ್ಯರ ಹೆಸರಿನಿಂದ ಈ ರೋಗವನ್ನು ಕರೆಯುತ್ತಾರೆ. ಇದರಲ್ಲಿ ತಾವಾಗಿ ಗುಣವಾಗುವವರು ಕಡಿಮೆ. ಇಲ್ಲಿ ಸ್ಟೀರಾಯ್ಡ್ ಜೊತೆಗೆ ವೈರಾಣುನಾಶಕವನ್ನೂ ತಡಮಾಡದೆ ಕೊಡಬೇಕು. ಸರ್ಪಸುತ್ತಿಗೆ ಮಂತ್ರ ಹಾಕಿಸಿ, ಕೆಮ್ಮಣ್ಣು ಬಳಿಸಿ ದಿನ ಕಳೆಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಇನ್ನು ಪೆಟ್ಟಿನಿಂದ ನರಕ್ಕೆ ಹಾನಿಯಾದವರ ಮಾತು. ತಲೆಗೆ ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದು ಕಿವಿಯ ಹಿಂದಿನ ಎಲುಬು ಬಿರಿದವರು, ಕೆನ್ನೆಗೆ ಮಚ್ಚು ಕುಡುಗೋಲು ತಗುಲಿದವರು, ಬಿಳಿಗಿರಿರಂಗನ ಬೆಟ್ಟದ ಮತ್ತು ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನಲ್ಲಿ ಕರಡಿಯ ಕೈಗೆ ಸಿಕ್ಕವರು ನಮ್ಮ ಯಳಂದೂರು, ಕೊಳ್ಳೇಗಾಲ, ಹನೂರು ಸೀಮೆಗೆ ಅಪರಿಚಿತರಲ್ಲ. ಕರಡಿ ಬಹಳ ಸಲ ಮುಖ ತಲೆಗಳಿಗೇ ಎರಗುತ್ತದೆ. ಪೆಟ್ಟು ಬಿದ್ದ ಒಂದೆರಡು ದಿನದ ಮೇಲೆ ಮೆಲ್ಲನೆ ಮುಖ ಸೋತರೆ ಅದು ಊತದ ಫಲ. ಸ್ಟೀರಾಯ್ಡ್‌ನಿಂದ ಚೇತರಿಕೆಯ ಭರವಸೆ ಚೆನ್ನಾಗಿಯೇ ಇದೆ. ಪೆಟ್ಟು ಬಿದ್ದ ಕ್ಷಣದಲ್ಲಿಯೇ ಮುಖ ಪೂರ್ತಿ ಸೋತಿದ್ದರೆ ನರ ಕತ್ತರಿಸಿರುವ ಶಂಕೆ. ಕತ್ತರಿಸಿದ ನರವನ್ನು ಜಗತ್ತಿನ ಯಾವ ಮಾತ್ರೆಯೂ ಜೋಡಿಸಲಾರದು; ಶಸ್ತ್ರವೈದ್ಯರೇ ಹೊಲಿಯಬೇಕು. ಇಲ್ಲಿಯೂ ಸುಮಾರು ಮೂರು ದಿನಗಳ ಲೆಕ್ಕವೇ ಬರುತ್ತದೆ. ಆ ಅವಧಿಯಲ್ಲಿ ನರದ ತುಂಡಾದ ಹೊರತುದಿಗೆ ಸಣ್ಣ ವಿದ್ಯುತ್ ಮುಟ್ಟಿಸಿದರೆ ಸ್ನಾಯು ಮಿಡಿಯುವುದರಿಂದ, ಶಸ್ತ್ರವೈದ್ಯರಿಗೆ ಗಾಯದೊಳಗೆ ಆ ತುದಿಯನ್ನು ಹುಡುಕುವುದು ಸುಲಭ. ಆದ್ದರಿಂದ ಮುಖದ ಗಾಯಕ್ಕೆ ಹತ್ತಿರದಲ್ಲಿ ಹೊಲಿಗೆ ಹಾಕಿಸಿ ಮನೆಗೆ ಹೋಗುವ ಮುನ್ನ, ಕಣ್ಣು ಮುಚ್ಚುವುದೇ, ನಗು ಸಮನಾಗಿ ಬರುವುದೇ ಎಂದು ನೋಡಿಸಿಕೊಂಡು, ಇಲ್ಲವಾದರೆ ಅಂದೇ ಮೈಸೂರಿನಂಥ ಊರಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಕುಷ್ಠರೋಗವನ್ನೂ ಇಲ್ಲಿ ನೆನೆಯಬೇಕು. 2005ರ ಕೊನೆಯಲ್ಲಿ ನಮ್ಮ ದೇಶ ಅದನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯ ಮಟ್ಟದಿಂದ ಕೆಳಗಿಳಿಸಿದ್ದು ನಿಜ; ರೋಗ ಮಾತ್ರ ಇಲ್ಲವಾಗಿಲ್ಲ. ಅದು ಮುಖದ ನರಕ್ಕೆ ತಗುಲಿದರೆ ಕಣ್ಣು ಮುಚ್ಚಲಾಗದು. ನರ ಸೋತು ಆರು ತಿಂಗಳೊಳಗೆ ಪತ್ತೆಯಾದರೆ ಪ್ರೆಡ್ನಿಸೊಲೋನ್ ಅಲ್ಲಿಯೂ ಆಶ್ರಯ. ಚರ್ಮದ ಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಇದ್ದವರು ಸಂಕೋಚಪಡದೆ ತೋರಿಸಿಕೊಳ್ಳಲಿ.

ನರವನ್ನು ಬೆಳೆಸುವ ಔಷಧವಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಹಾನಿಗೊಂಡ ಎಳೆ ತನ್ನ ಕವಚ ಉಳಿದಿದ್ದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ತಾನೇ ಬೆಳೆಯುತ್ತದೆ; ಕಿವಿಯ ಹಿಂದಿನಿಂದ ತುಟಿಯವರೆಗೆ ಬರಲು ತಿಂಗಳುಗಳೇ ಬೇಕು. ಈ ನಡಿಗೆಯನ್ನು ಚುರುಕುಗೊಳಿಸಲು ಅನೇಕ ಔಷಧಗಳನ್ನು ಪ್ರಯತ್ನಿಸಿದ್ದಾರೆ. ಅಂಗ ಕಸಿಯಾದವರಿಗೆ ಕೊಡುವ ಟ್ಯಾಕ್ರೋಲಿಮಸ್ ಪ್ರಾಣಿಗಳಲ್ಲಿ ನರವನ್ನು ಬೇಗ ಬೆಳೆಸಿತು. ಆದರೆ ಅದು ದೇಹದ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವ ಔಷಧ. ನಿಮೋಡಿಪಿನ್ ಎಂಬುದು ಮೊದಲಿಗೆ ಆಸೆ ಹುಟ್ಟಿಸಿತು; ಮುಂದೆ ಕಿವಿಯ ನರದ ಗೆಡ್ಡೆಯ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿದಾಗ ಖಚಿತವಾದ ಪ್ರಯೋಜನ ಕಾಣಲಿಲ್ಲ. ನಮ್ಮಲ್ಲಿ ಎಲ್ಲೆಡೆ ಬರೆದುಕೊಡುವ ಮೀಥೈಲ್‌ಕೋಬಾಲಮಿನ್, ಅಂದರೆ ಬಿ-12 ಜೀವಸತ್ವ, ನರದ ಕವಚಕ್ಕೆ ಅವಶ್ಯವಾದುದೇ ಸರಿ. ಆದರೆ ಮುಖದ ನರದ ವಿಷಯದಲ್ಲಿ ಅದರ ಪರವಾಗಿರುವ ಸಾಕ್ಷ್ಯ ಕೆಲವು ಸಣ್ಣ ಅಧ್ಯಯನಗಳದು ಮಾತ್ರ. ಶಾಕಾಹಾರಿಗಳಾದ ನಮ್ಮಲ್ಲಿ ಬಿ-12 ಕೊರತೆ ಸಾಮಾನ್ಯ. ಅದನ್ನು ಪರೀಕ್ಷಿಸಿ ತುಂಬಿಕೊಳ್ಳುವುದು ಒಳ್ಳೆಯದೇ. ಆದರೆ ಪ್ರೆಡ್ನಿಸೊಲೋನ್ ಇರಬೇಕಾದ ಜಾಗದಲ್ಲಿ ಬಿ-12 ಚುಚ್ಚುಮದ್ದೊಂದನ್ನೇ ಕೊಟ್ಟು ಕಳುಹಿಸಿದರೆ ಅದು ಚಿಕಿತ್ಸೆಯಲ್ಲ, ಸಮಾಧಾನ. ವಾರಗಟ್ಟಲೆ ಮುಖಕ್ಕೆ ಕರೆಂಟ್ ಕೊಡಿಸುವ ಪದ್ಧತಿಗೂ ಬಲವಾದ ಆಧಾರವಿಲ್ಲ. ಕನ್ನಡಿಯ ಮುಂದೆ ಕುಳಿತು, ತಿಳಿದವರು ಹೇಳಿಕೊಟ್ಟಂತೆ, ನಿಧಾನವಾಗಿ ಮುಖದ ವ್ಯಾಯಾಮ ಮಾಡುವುದು ಅದಕ್ಕಿಂತ ಮೇಲು.

ಮೂರು ದಿನ ಕಳೆದವರು ನಿರಾಶರಾಗಬೇಕಿಲ್ಲ. ಪ್ರಕೃತಿಯ ದಾಸೋಹದಲ್ಲಿ ಅವರಿಗೂ ಪಾಲಿದೆ. ಹೆಚ್ಚಿನವರು ಗುಣವಾಗಿಯೇ ಆಗುತ್ತಾರೆ. ಅವರು ಕಾಪಾಡಿಕೊಳ್ಳಬೇಕಾದದ್ದು ಕಣ್ಣನ್ನು. ಮುಚ್ಚದ ಕಣ್ಣು ಒಣಗುತ್ತದೆ, ಧೂಳಿಗೆ ಗೀರುತ್ತದೆ, ಹುಣ್ಣಾಗುತ್ತದೆ. ಹಗಲು ಎರಡು ಮೂರು ಗಂಟೆಗೊಮ್ಮೆ ಕೃತಕ ಕಣ್ಣೀರಿನ ಹನಿ, ರಾತ್ರಿ ಮಲಗುವಾಗ ಕಣ್ಣಿನ ಮುಲಾಮು ಹಚ್ಚಿ ರೆಪ್ಪೆಯನ್ನು ಮೃದುವಾದ ಅಂಟುಪಟ್ಟಿಯಿಂದ ಮುಚ್ಚುವುದು, ಹೊರಗೆ ಹೋಗುವಾಗ ಕನ್ನಡಕ: ಇಷ್ಟೇ ಸಾಕು. ಸೊಪ್ಪಿನ ರಸ, ಎದೆಹಾಲು, ಜೇನು ಯಾವುದನ್ನೂ ಕಣ್ಣಿಗೆ ಬಿಡಬಾರದು. ಕಣ್ಣು ಕೆಂಪಾಗಿ ನೋವು ಬಂದರೆ ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು. ಮೂರು ತಿಂಗಳಾದರೂ ಮುಖ ಸರಿಹೋಗದಿದ್ದರೆ ತಜ್ಞರ ಬಳಿಗೆ ಹೋಗಬೇಕು. ಉಣ್ಣುವಾಗ ಕಣ್ಣು ತಾನೇ ಮುಚ್ಚುವಂಥ ತೊಡಕುಗಳಿಗೆ ಬೊಟುಲಿನಮ್ ಚುಚ್ಚುಮದ್ದು, ಚಲಿಸದ ಮುಖಕ್ಕೆ ನರದ ಕಸಿ ಇಂದು ಲಭ್ಯ. ಆದರೆ ವರ್ಷಗಟ್ಟಲೆ ಕಾದರೆ ಸ್ನಾಯುವೇ ಬತ್ತಿಹೋಗುತ್ತದೆ.

ಒಂದು ಎಚ್ಚರಿಕೆಯನ್ನು ಎಲ್ಲಕ್ಕಿಂತ ಮುಂಚೆ ನೆನಪಿಡಬೇಕು. ಮುಖ ಸೊಟ್ಟಗಾದರೂ ಹಣೆಯ ಗೆರೆ ಎರಡೂ ಕಡೆ ಮೂಡುತ್ತಿದ್ದರೆ, ಅಥವಾ ಜೊತೆಗೆ ಕೈಕಾಲು ಸೋತು ಮಾತು ತೊದಲಿದರೆ ಅದು ಮುಖದ ನರದ ರೋಗವಲ್ಲ, ಮಿದುಳಿನ ಆಘಾತ. ಅಲ್ಲಿ ಗಡುವು ಮೂರು ದಿನವಲ್ಲ. ರಕ್ತದ ಹೆಪ್ಪನ್ನು ಕರಗಿಸುವ ಔಷಧಕ್ಕೆ ನಾಲ್ಕೂವರೆ ಗಂಟೆ ಮಾತ್ರ. ಯಾವುದೆಂದು ಮನೆಯಲ್ಲಿ ಚರ್ಚಿಸುತ್ತ ಕೂರದೆ 108ಕ್ಕೆ ಕರೆ ಮಾಡಬೇಕು.

ನನ್ನ ಅಭಿಪ್ರಾಯವನ್ನು ಕೊನೆಯದಾಗಿ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಾಟಿ ವೈದ್ಯರ ಬಳಿಗೆ ಹೋಗಬೇಡಿ ಎಂದು ನಾನು ಹೇಳಿದರೆ ನಮ್ಮ ಜನ ಕೇಳಲಾರರು. ಹೇಳುವುದು ನ್ಯಾಯವೂ ಅಲ್ಲ. ನಾನು ಬೇಡುವುದು ಸರದಿಯ ಬದಲಾವಣೆಯನ್ನು ಮಾತ್ರ. ಮೊದಲು ಆಸ್ಪತ್ರೆ, ಆಮೇಲೆ ನಂಬಿಕೆಯ ಮನೆ. ನಾಟಿ ವೈದ್ಯರೂ ತಮ್ಮ ಬಾಗಿಲಿಗೆ ಮೊದಲ ದಿನವೇ ಬಂದ ರೋಗಿಗೆ ‘ಆಸ್ಪತ್ರೆಗೆ ಹೋಗಿ ಮಾತ್ರೆ ತೆಗೆದುಕೊಂಡು ಬಾರಪ್ಪ’ ಎಂದು ಹೇಳಿದರೆ ಅವರ ಕೀರ್ತಿ ಕುಂದುವುದಿಲ್ಲ. ಗುಣವಾಗುವವರ ಸಂಖ್ಯೆ ಹೆಚ್ಚಿ ಅದು ಇನ್ನೂ ಬೆಳೆದೀತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಮಾತ್ರೆಯ ದಾಸ್ತಾನು ಸದಾ ಇರಲಿ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಈ 72 ಗಂಟೆಗಳ ಪಾಠವನ್ನು ಹೇಳಿಕೊಡಲಿ. ಮಠಗಳ ಜಾತ್ರೆಯಲ್ಲಿ ನಡೆಯುವ ಆರೋಗ್ಯ ಶಿಬಿರಗಳಲ್ಲಿ, ಬೆಟ್ಟಕ್ಕೆ ನಡೆದುಹೋಗುವ ಭಕ್ತರು ತಂಗುವ ಎಡೆಗಳಲ್ಲಿ ಈ ಒಂದು ಮಾತು ಬರೆದು ತೂಗುಹಾಕಿದರೂ ಸಾಕು. ವೈದ್ಯವೃತ್ತಿಯ ನನ್ನ ಕಿರಿಯರಲ್ಲಿ ಒಂದು ವಿನಂತಿ: ಔಷಧದ ಚೀಟಿಯಲ್ಲಿ ನಾಲ್ಕು ಶಕ್ತಿಮಾತ್ರೆ ಬರೆಯುವ ಸ್ಥಳದಲ್ಲಿ ಕಣ್ಣಿನ ರಕ್ಷಣೆಯ ಎರಡು ಸಾಲು ಬರೆಯಿರಿ.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವೈದ್ಯನೂ ಇದ್ದನು. ಚಿಕಿತ್ಸೆಯೂ ಕಾಯಕವೆಂದು ಗೌರವಿಸಿದ ಪರಂಪರೆ ನಮ್ಮದು. ಸೊಟ್ಟಗಾದ ಮುಖವನ್ನು ಶಾಪವೆಂದೋ ದೃಷ್ಟಿಯೆಂದೋ ಭಾವಿಸಿ, ಮದುವೆಗೆ ಬಂದ ಮಗಳನ್ನು ತಿಂಗಳುಗಟ್ಟಲೆ ಒಳಮನೆಯಲ್ಲಿ ಬಚ್ಚಿಡುವುದು ಆ ಪರಂಪರೆಗೆ ಒಪ್ಪುವ ನಡೆಯಲ್ಲ. ಕೊಳ್ಳೇಗಾಲದ ಕಡೆಯ ರೇಷ್ಮೆ ನೇಯುವ ಮನೆಯ ಹೆಣ್ಣುಮಗಳೊಬ್ಬಳನ್ನು ಅವಳ ಅಜ್ಜಿ ಎರಡನೆಯ ದಿನವೇ ಕೈಹಿಡಿದು ನನ್ನಲ್ಲಿಗೆ ಕರೆತಂದಿದ್ದರು. ‘ಗಾಳಿಯೋ ಗ್ರಹವೋ ನಂಗೆ ಗೊತ್ತಿಲ್ಲ ಸ್ವಾಮಿ, ಮೊದ್ಲು ನೀವು ನೋಡಿ’ ಎಂದರು. ಹತ್ತು ದಿನದ ಮಾತ್ರೆ, ಕಣ್ಣಿಗೆ ಹನಿ, ರಾತ್ರಿ ಪಟ್ಟಿ. ಆರನೆಯ ವಾರದಲ್ಲಿ ಆ ಹುಡುಗಿ ಬಂದು ನಕ್ಕಾಗ ತುಟಿಯ ಎರಡೂ ಮೂಲೆ ಒಟ್ಟಿಗೆ ಮೇಲೇರಿದವು. ಅಗರದ ರೈತರಿಗೆ ದೊರೆಯದ ಭಾಗ್ಯ ಅವಳಿಗೆ ದೊರೆತದ್ದು ಹಣದಿಂದಲ್ಲ, ಓದಿನಿಂದಲೂ ಅಲ್ಲ. ಆ ಅಜ್ಜಿ ಮೊದಲು ಎಲ್ಲಿಗೆ ಹೋಗಬೇಕೆಂದು ತಿಳಿದಿದ್ದರಿಂದ.